ಬಾದಾಮಿಯ ತ್ರಿಪದಿ: ಕಿವಿಗೆ ಕಟ್ಟಿದ ಪದ್ಯ

ಕೇಳುಗರಿಗೆ ನಮಸ್ಕಾರ.

ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನೆಂಬ ವೀರನ ಶಾಸನವಿದೆ. ಕಾಲ ಸುಮಾರು ಕ್ರಿ.ಶ. 700. ಅದರಲ್ಲಿರುವ ಒಂದು ತ್ರಿಪದಿಯನ್ನು, ಅಂದರೆ ಮೂರು ಸಾಲಿನ ಪದ್ಯವನ್ನು, ಇವತ್ತು ನಿಧಾನವಾಗಿ ಬಿಡಿಸಿ ನೋಡೋಣ.

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು, ಮಧುರವಾಗಿ ನಡೆದುಕೊಳ್ಳುವವರಿಗೆ ಮಧುರ, ಪೀಡಿಸುವ ಕಲಿಗೆ ಮಾತ್ರ ಕಲಿಯುಗದ ವಿಪರೀತ ಪುರುಷ. ಈತ ಮಾಧವನೇ, ಬೇರೆಯವನಲ್ಲ.

ಪ್ರಾಸ ತಕ್ಷಣ ಕಿವಿಗೆ ಬೀಳುತ್ತದೆ. ಸಾಧು, ಬಾಧಿ, ಮಾಧವ: ಮೂರು ಸಾಲಿನಲ್ಲೂ ಎರಡನೆಯ ಅಕ್ಷರ ಧಕಾರ, ಅದರ ಹಿಂದೆ ದೀರ್ಘ. ನಮ್ಮ ಲಾಕ್ಷಣಿಕರು, ಅಂದರೆ ಕಾವ್ಯದ ಲಕ್ಷಣ ಹೇಳಿದವರು, ಇದನ್ನು ಗಜಪ್ರಾಸ ಎನ್ನುತ್ತಾರೆ.

ಛಂದಸ್ಸಿನ ವಿಷಯಕ್ಕೆ ಬಂದರೆ, ದಯವಿಟ್ಟು ಮಾತ್ರೆ, ಅಂದರೆ ಅಕ್ಷರ ನುಡಿಯಲು ಹಿಡಿಯುವ ಕಾಲದ ಅಳತೆ, ಎಣಿಸಲು ಹೋಗಬೇಡಿ. ‘ಸಾಧುಗೆ’ ನಾಲ್ಕು ಮಾತ್ರೆ, ಅದೇ ಸಾಲಿನ ‘ಮಾಧುರ್ಯಂ’ ಆರು. ಲೆಕ್ಕ ತಪ್ಪಿತೆಂದು ತೋರುತ್ತದೆ, ತಪ್ಪಿಲ್ಲ. ಇದು ಅಂಶಗಣದ ಪದ್ಯ: ಇಲ್ಲಿ ಗಣವನ್ನು, ಅಂದರೆ ಅಕ್ಷರಗಳ ಗುಂಪನ್ನು, ಅಳೆಯುವುದು ಅಂಶಗಳಿಂದ. ಒಂದಕ್ಷರಕ್ಕೆ ಒಂದು ಅಂಶ; ಗಣದ ಮೊದಲಲ್ಲಿ ಎರಡು ಹ್ರಸ್ವ ಬಂದರೆ ಅವೆರಡೂ ಸೇರಿ ಒಂದೇ ಅಂಶ. ‘ಸಾಧುಗೆ’, ‘ಮಾಧುರ್ಯಂ’ ಎರಡೂ ತಲಾ ಮೂರು ಅಂಶದ ವಿಷ್ಣುಗಣಗಳೇ. ಹಾಡುವ ದನಿ ಒಂದನ್ನು ಎಳೆದು, ಇನ್ನೊಂದನ್ನು ಅಡಕಿ ಸಮ ಮಾಡಿಕೊಳ್ಳುತ್ತದೆ. ಗಣಕ್ಕೆ ಪದದ ಹಂಗೂ ಇಲ್ಲ: ‘ಸಾಧು ಮಾ’ ಒಂದು ಗಣ, ‘ಧುರ್ಯಂಗೆ’ ಮತ್ತೊಂದು.

ಒಟ್ಟು 11 ಗಣ. 6ನೆಯದೂ 10ನೆಯದೂ ಎರಡೇ ಅಂಶದ ಬ್ರಹ್ಮಗಣ ಆಗಬೇಕೆಂಬುದು ತ್ರಿಪದಿಯ ನಿಯಮ. ಈ ಪದ್ಯದ ಜೀವ ಇರುವುದೇ ಅಲ್ಲಿ ಎಂದು ನನಗನ್ನಿಸುತ್ತದೆ. 6ನೆಯ ಗಣ ‘ಕಲಿಗೆ’: ‘ಕಲಿ’ ಒಂದು ಅಂಶ, ‘ಗೆ’ ಇನ್ನೊಂದು. ನಡೆ ಥಟ್ಟನೆ ಮೊಟಕಾಗುತ್ತದೆ, ಆ ಬೆನ್ನಿಗೇ ‘ಕಲಿಯುಗ’ ನುಗ್ಗಿ ಬರುತ್ತದೆ. ಮೊದಲ ಸಾಲಿನ ಸೌಮ್ಯ ಮುಗಿದು ವೀರ ಎದ್ದು ನಿಲ್ಲುವ ಜಾಗವೂ ಅದೇ. 10ನೆಯದು ‘ನೀತನ್’, ಎರಡು ಗುರು, ಅಂದರೆ ಎರಡೆರಡು ಮಾತ್ರೆಯ ಎರಡು ಅಕ್ಷರ. ‘ಈತನೇ’ ಎಂದು ಬೆರಳು ಮಾಡಿ ತೋರಿಸುವಲ್ಲಿ ಗಣ ಚಿಕ್ಕದಾಗಿ, ಗಟ್ಟಿಯಾಗಿ ಬಿದ್ದಿದೆ.

ಅಂತ್ಯಪ್ರಾಸ ತ್ರಿಪದಿಗೆ ಬೇಕಿಲ್ಲ. ಆದರೂ ‘ವಿಪರೀತನ್’ ಎಂದು ಎರಡನೆಯ ಸಾಲು ಮುಗಿಯುತ್ತದೆ, ಮೂರನೆಯ ಸಾಲಿನ ನಡುವೆ ‘ನೀತನ್’ ಅದಕ್ಕೆ ಓಗೊಡುತ್ತದೆ. ತ್ರಿಪದಿ ಹಾಡುವವರು ಎರಡನೆಯ ಸಾಲಿನ ಭಾಗವನ್ನು ಮತ್ತೆ ಹಾಡಿ ಮೂರನೆಯದಕ್ಕೆ ಸೇರಿಸುವ ರೂಢಿಯುಂಟು. ಇದನ್ನೂ ಹಾಗೆ ಹಾಡಿ ನೋಡಿ: ಕಲಿಯುಗ ವಿಪರೀತನ್, ಕಲಿಯುಗ ವಿಪರೀತನ್, ಮಾಧವನೀತನ್ ಪೆರನಲ್ಲ.

ನಮಸ್ಕಾರ.