ಒಂದೇ ಹರಳಿನಲ್ಲಿ ಎರಡು ಲಿಗ್ಯಾಂಡ್

ಕೇಳುಗರಿಗೆ ನಮಸ್ಕಾರ. ಸಂಕ್ರಮಣ ಲೋಹದ ಅಯಾನುಗಳನ್ನು ಸಾವಯವ ಅಣುಗಳಿಂದ ಕೊಂಡಿ ಹಾಕುತ್ತಾ ಹೋದರೆ ಕೋಆರ್ಡಿನೇಷನ್ ಪಾಲಿಮರ್ ಸಿಗುತ್ತದೆ. ಕೊಂಡಿಯಾಗುವ ಅಣುವೇ ಲಿಗ್ಯಾಂಡ್. ಎರಡು ಬಗೆಯ ಲಿಗ್ಯಾಂಡ್ ಬೆರೆಸಿದಾಗ ಅವು ಬೇರೆ ಬೇರೆ ಹರಳುಗಳಾಗಿ ಅಗಲಿಬಿಡುವ ಭಯ ಸದಾ ಇರುತ್ತದೆ. ತಡೆಯುವ ಉಪಾಯ, ಎರಡಕ್ಕೂ ಬೇರೆ ಬೇರೆ ಕೆಲಸ ಕೊಡುವುದು.

2004ರಲ್ಲಿ ಪ್ರಕಟವಾದ ಸತುವಿನ ಸಂಯುಕ್ತವೊಂದನ್ನು ನೋಡಿ. ಅದರ ಒಂದು ಲಿಗ್ಯಾಂಡ್ ಟೆರೆಪ್ತಾಲೇಟ್, ಋಣಾವೇಶದ್ದು; ಸತುವಿನ ಧನಾವೇಶ ತೀರಿಸಿ, ಚೌಕ ಚೌಕದ ಹಾಳೆ ನೇಯುತ್ತದೆ. ಇನ್ನೊಂದು ಲಿಗ್ಯಾಂಡ್ ಡ್ಯಾಬ್ಕೋ; ಅದಕ್ಕೆ ಆವೇಶವಿಲ್ಲ, ಎರಡು ತುದಿಗೂ ನೈಟ್ರೋಜನ್ ಇದೆ. ಹಾಳೆಗಳ ನಡುವೆ ಕಂಬವಾಗಿ ನಿಲ್ಲುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಹೊಂದದು.

ಮಾಡುವ ಕ್ರಮ ಹೀಗೆ. ಆರು ಅಣು ನೀರಿರುವ ಸತುವಿನ ನೈಟ್ರೇಟ್ 1 ಗ್ರಾಂ, ಟೆರೆಪ್ತಾಲಿಕ್ ಆಮ್ಲ 0.56 ಗ್ರಾಂ, ಡ್ಯಾಬ್ಕೋ 0.19 ಗ್ರಾಂ, ದ್ರಾವಕವಾಗಿ ಡೈಮೀಥೈಲ್ ಫಾರ್ಮಮೈಡ್ 40 ಮಿಲಿಲೀಟರ್. ಮೋಲ್ ಲೆಕ್ಕದಲ್ಲಿ ಇದು 2:2:1. ಟೆಫ್ಲಾನ್ ಒಳಪದರದ ಉಕ್ಕಿನ ಪಾತ್ರೆಯಲ್ಲಿ ಮುಚ್ಚಿ, 120 ಡಿಗ್ರಿಯಲ್ಲಿ ಎರಡು ದಿನ. ಪಾತ್ರೆಯ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಕಾದ ದ್ರಾವಕ ನಿಧಾನವಾಗಿ ಒಡೆದು ಡೈಮೀಥೈಲಮೀನ್ ಬಿಡುತ್ತದೆ. ಆಮ್ಲದ ಪ್ರೋಟಾನನ್ನು ಕಳಚಿ ಟೆರೆಪ್ತಾಲೇಟ್ ಮಾಡುವುದು ಅದೇ. ಅದು ನಿಧಾನವಾಗಿ ನಡೆಯುವುದರಿಂದಲೇ ಹರಳು ಬೆಳೆಯುತ್ತದೆ.

ಹೆಚ್ಚಿನವರು ಎಡವುವುದು ಬೆರೆಸುವಾಗ. ಡ್ಯಾಬ್ಕೋ ಬಿದ್ದ ಕೂಡಲೇ ದ್ರಾವಣ ಬೆಳ್ಳಗೆ ಕದಡುತ್ತದೆ, ಏಕೆಂದರೆ ಅದಕ್ಕೆ ಪ್ರೋಟಾನ್ ಕಳಚುವವರೆಗೆ ಕಾಯುವ ಅಗತ್ಯವಿಲ್ಲ, ನೇರವಾಗಿ ಸತುವಿಗೆ ಅಂಟುತ್ತದೆ. ಅದನ್ನು ಬೇರೆಯಾಗಿ ಕರಗಿಸಿ, ಕಲಕುತ್ತಾ ಹನಿಹನಿಯಾಗಿ ಸೇರಿಸಿ. ಉಳಿದ ಕದಡನ್ನು ಸೋಸಿ ತೆಗೆದು ಆಮೇಲೆ ಕಾಯಿಸಿ. ಹಾಗೇ ಬಿಟ್ಟರೆ ಹರಳಿನ ಜೊತೆ ಪುಡಿಯೂ ಸೇರಿ, ಆಮೇಲೆ ಬೇರ್ಪಡಿಸಲಾಗದು. ಪರ್‌ಕ್ಲೋರೇಟ್ ಲವಣ ಬಳಸುವ ಆಸೆ ಬೇಡ; ಸಾವಯವ ಲಿಗ್ಯಾಂಡ್ ಜೊತೆ ಒಣಗಿಸಿ ಕಾಯಿಸಿದರೆ ಸಿಡಿಯಬಹುದು.

ಹಾಳೆ, ಕಂಬಗಳ ನಡುವಿನ ರಂಧ್ರಗಳಲ್ಲಿ ಕೂತ ದ್ರಾವಕ ಸುಲಭಕ್ಕೆ ಹೊರಬರುವುದಿಲ್ಲ. ಹರಳನ್ನು ಒಣ ಕ್ಲೋರೋಫಾರ್ಮಿನಲ್ಲಿ ಮೂರು ದಿನ ನೆನೆಹಾಕಿ, ದಿನಕ್ಕೊಮ್ಮೆ ಬದಲಾಯಿಸಿ, ನಂತರ ನಿರ್ವಾತದಲ್ಲಿ ಕಾಯಿಸಿ.

ಸಿಕ್ಕಿದ್ದು ಸರಿಯೇ ಎಂದು ತಿಳಿಯಲು ಪುಡಿಯ ಕ್ಷ-ಕಿರಣ ವಿವರ್ತನೆ, ಅಂದರೆ ಕಿರಣ ಚದುರುವ ರೀತಿಯಿಂದ ಹರಳಿನ ರಚನೆ ತಿಳಿಯುವ ಪರೀಕ್ಷೆ, ಬೇಕೇ ಬೇಕು. ನೈಟ್ರೋಜನ್ ಶೇಕಡಾ 4.9 ಬರಬೇಕು, ಆದರೆ ಈ ಅಂಕಿಯನ್ನಷ್ಟೇ ನಂಬಬೇಡಿ: ಡ್ಯಾಬ್ಕೋ ಕಡಿಮೆಯಾಗಿ, ಒಳಗೆ ದ್ರಾವಕ ಉಳಿದಿದ್ದರೂ ಅದೇ ಸಂಖ್ಯೆ ಬಂದುಬಿಡಬಹುದು. ಹರಳನ್ನು ಆಮ್ಲದಲ್ಲಿ ಕರಗಿಸಿ ಪ್ರೋಟಾನ್ ಎನ್‌ಎಂಆರ್ ತೆಗೆಯಿರಿ; ಅಣುಗಳಲ್ಲಿನ ಹೈಡ್ರೋಜನ್‌ಗಳನ್ನು ಎಣಿಸಿ ತೋರಿಸುವ ವಿಧಾನ ಅದು. ಟೆರೆಪ್ತಾಲೇಟಿನ ಸಂಕೇತ ಎಂಟು ಪ್ರೋಟಾನಿನಷ್ಟಿದ್ದರೆ ಡ್ಯಾಬ್ಕೋದ್ದು ಹನ್ನೆರಡರಷ್ಟಿರಬೇಕು. ನನ್ನ ಮಟ್ಟಿಗೆ ಇದೇ ಗಟ್ಟಿ ಸಾಕ್ಷಿ.

ಲೋಹ ಬದಲಾದರೆ ಗುಣವೂ ಬದಲಾಗುತ್ತದೆ. ಸತುವಿನ ಡಿ-ಕಕ್ಷೆಗಳು ತುಂಬಿರುವುದರಿಂದ ಲಿಗ್ಯಾಂಡ್ ಬೆಳಕು ಹೊರಸೂಸುವ ಗುಣ ಉಳಿಯುತ್ತದೆ. ತಾಮ್ರದಲ್ಲಿ ಜೋಡಿ ಅಯಾನುಗಳ ಸ್ಪಿನ್‌ಗಳು ಎದುರುಬದುರಾಗಿ ನಿಂತು ಕಾಂತತ್ವ ತಗ್ಗುತ್ತದೆ. ತೇವದಲ್ಲಿ ಸತುವಿನ ಹರಳು ಕೆಡುತ್ತದೆ, ನಿಕಲ್‌ನದು ಹೆಚ್ಚು ಬಾಳುತ್ತದೆ.

ಡ್ಯಾಬ್ಕೋ ಬದಲು, ಅದರಂತೆಯೇ ಎರಡು ತುದಿಗೂ ನೈಟ್ರೋಜನ್ ಇರುವ ಉದ್ದದ ಬೈಪಿರಿಡೀನ್ ಕಂಬ ಇಟ್ಟರೆ ರಂಧ್ರ ದೊಡ್ಡದಾಗಬೇಕಿತ್ತು. ಆಗುವುದಿಲ್ಲ, ಒಂದು ಜಾಲದೊಳಗೆ ಇನ್ನೊಂದು ಜಾಲ ಹೆಣೆದುಕೊಳ್ಳುತ್ತದೆ. ಆ ಕಿರಿದಾದ ರಂಧ್ರವೂ ಉಪಯೋಗಕ್ಕೆ ಬಂದಿದೆ: ಆವಿಯ ಮಿಶ್ರಣವನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿಯ ಕೊಳವೆಯಲ್ಲಿ ಈ ಹರಳನ್ನು ತುಂಬಿದಾಗ ಕವಲೊಡೆದ ಹೈಡ್ರೋಕಾರ್ಬನ್ ಮೊದಲು ಹೊರಬರುತ್ತದೆ, ನೇರ ಸರಪಳಿಯದು ರಂಧ್ರದೊಳಗೆ ಹೊಕ್ಕು ತಡವಾಗಿ ಬರುತ್ತದೆ.