ಮೂಡಿಗೆರೆ ಮಳೆಯಲ್ಲಿ ಹೆಜ್ಜೆ ಸದ್ದು ಕೇಳ್ಬೇಕು ಅಂದ್ರೆ ಯಾವ ಹೆಡ್‌ಫೋನ್?

ಹಿಂದೆ ಬರ್ತಿರೋ ಸದ್ದು ಮೈಕಿನ ತೊಂದರೆ ಅಲ್ಲ, ಮಳೆ. ಪುಷ್ಯ ಮಳೆ, ಮೇಲೆ ಜಿಂಕ್ ಶೀಟು. ಮನೆಯ ಉಳಿದ ಭಾಗಕ್ಕೆಲ್ಲ ಹೆಂಚಿದೆ, ಈ ಹಿಂದಿನ ಕೋಣೆಗೆ ಮಾತ್ರ ಶೀಟು. ವೈಫೈ ಸರಿಯಾಗಿ ಸಿಗೋದೂ ಇಲ್ಲೇ, ಹಾಗಾಗಿ ನಾನು ವ್ಯಾಲರಂಟ್ ಅನ್ನೋ ಶೂಟಿಂಗ್ ಗೇಮ್ ಆಡೋದೂ ಇಲ್ಲೇ. ಒಂದ್ನಿಮಿಷ ಸುಮ್ನಿರ್ತೀನಿ, ಕೇಳಿ... ಹ್ಞಾಂ. ಇಷ್ಟು ಸದ್ದಿನ ಮಧ್ಯೆ ಎದುರಾಳಿ ಓಡಿ ಬರೋ ಹೆಜ್ಜೆ ನನಗೆ ಕೇಳ್ಬೇಕು. ಎಡಗಡೆನಾ ಬಲಗಡೆನಾ, ಮೇಲಿದಾನಾ ಕೆಳಗಿದಾನಾ, ಅಷ್ಟೂ ಗೊತ್ತಾಗ್ಬೇಕು. ಹೆಡ್‌ಫೋನ್ ರಿವ್ಯೂ ಮಾಡೋರು ಯಾರೂ ಜಿಂಕ್ ಶೀಟಿನ ಕೆಳಗೆ ಕೂತು ಮಾಡಿದ್ದು ನಾನಂತೂ ನೋಡಿಲ್ಲ. ಅದಕ್ಕೇ ಈ ವಿಡಿಯೋ.

ಇದು ಬಸ್ಸು, ಕೆ.ಎಂ. ರಸ್ತೆ, ಚಿಕ್ಕಮಗಳೂರಿಗೆ ಹೊರಟಿದ್ದು. ಹೊರಗಡೆ ಕಾಣ್ತಿರೋದು ಮಂಜು, ಕ್ಯಾಮೆರಾ ಮಸುಕಾಗಿದ್ದಲ್ಲ. ಹೆಂಗೂ ತೋರ್ಸೋಕೆ ಏನೂ ಇಲ್ಲ, ಅಷ್ಟರಲ್ಲಿ ಸದ್ದು ಯಾವ ಕಡೆಯಿಂದ ಬಂತು ಅಂತ ಕಿವಿಗೆ ಹೇಗೆ ಗೊತ್ತಾಗುತ್ತೆ ಅನ್ನೋದು ಹೇಳ್ಬಿಡ್ತೀನಿ. ಎಡಗಡೆಯಿಂದ ಬಂದ ಸದ್ದು ಮೊದಲು ಎಡಗಿವಿ ಮುಟ್ಟುತ್ತೆ, ತಲೆ ಸುತ್ತಿಕೊಂಡು ಬಲಗಿವಿಗೆ ಹೋಗೋಷ್ಟರಲ್ಲಿ ಸ್ವಲ್ಪ ತಡ. ಎಷ್ಟು ತಡ ಅಂದ್ರೆ ಹೆಚ್ಚಂದ್ರೆ 0.7 ಮಿಲಿಸೆಕೆಂಡು. ಅಷ್ಟು ಸಣ್ಣ ವ್ಯತ್ಯಾಸವನ್ನ ಮೆದುಳು ಹಿಡಿಯುತ್ತೆ. ಚೂಪು ದನಿ ಆದ್ರೆ ತಲೆಯೇ ಅಡ್ಡ ನಿಲ್ಲುತ್ತೆ, ಆಚೆ ಕಿವಿಗೆ ಕಮ್ಮಿ ಕೇಳುತ್ತೆ. ದಪ್ಪ ದನಿಗೆ ಸಮಯದ ಲೆಕ್ಕ, ಚೂಪು ದನಿಗೆ ಜೋರಿನ ಲೆಕ್ಕ. ಇದನ್ನ ಲಾರ್ಡ್ ರೇಲಿ ಅನ್ನೋ ಬ್ರಿಟಿಷ್ ವಿಜ್ಞಾನಿ 1907ರಲ್ಲೇ ಬರೆದಿಟ್ಟಿದ್ದಾರೆ.

ಎಡ ಬಲ ಸುಲಭ. ಕಷ್ಟ ಇರೋದು ಹಿಂದೆ ಮುಂದೆ. ನೇರ ಎದುರಿಗೆ ಇದ್ರೂ, ನೇರ ಬೆನ್ನ ಹಿಂದೆ ಇದ್ರೂ ಎರಡು ಕಿವಿಗೂ ಒಂದೇ ಹೊತ್ತಿಗೆ ಬರುತ್ತಲ್ಲ. ಆಗ ಕೆಲಸಕ್ಕೆ ಬರೋದು ಹೊರಗಿವಿಯ ಆ ಮಡಿಕೆಗಳು. ಮೇಲಿಂದ ಬಂದ ಸದ್ದು, ಹಿಂದಿಂದ ಬಂದ ಸದ್ದು, ಆ ಮಡಿಕೆಗೆ ಬಡಿದು ಬೇರೆ ಬೇರೆ ಥರ ಬದಲಾಗಿ ಒಳಗೆ ಹೋಗುತ್ತೆ.

ನಮ್ಮಜ್ಜ ತೋಟದಲ್ಲಿ ನಡೀತಾ ನಡೀತಾ ತಟ್ಟನೆ ನಿಂತು ತಲೆ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ತಿರುಗಿಸೋರು. ಕೊಂಬೆ ಮುರಿದ ಸದ್ದು ಕೇಳಿರುತ್ತೆ, ಆನೆ ಮೇಲಿನ ಪಟ್ಟೆಯಲ್ಲಿದ್ಯಾ ಹಳ್ಳದ ಕಡೆ ಇದ್ಯಾ ಅಂತ ಗೊತ್ತಾಗೋ ತನಕ ಮುಂದೆ ಹೆಜ್ಜೆ ಇಡ್ತಿರಲಿಲ್ಲ. ಮೂಡಿಗೆರೆ, ಬೇಲೂರು, ಆಲೂರು, ಸಕಲೇಶಪುರದವರಿಗೆ ಇದು ಹೊಸದಲ್ಲ. ಈಗ ಆನೆ ಎಲ್ಲಿದೆ ಅಂತ ಫೋನಿಗೆ ಮೆಸೇಜ್ ಬರುತ್ತೆ, ಆದ್ರೂ ಬೆಳಿಗ್ಗೆ ಮಂಜಲ್ಲಿ ಕೆಲಸಕ್ಕೆ ಹೋಗೋ ಹೆಂಗಸರಿಗೆ ಕಿವಿಯೇ ಆಧಾರ. ಅವರ ಬಗ್ಗೆನೇ ಒಂದು ವಿಡಿಯೋ ಮಾಡ್ಬೇಕು, ಮಾಡ್ತೀನಿ. ಹೇಳೋಕೆ ಬಂದಿದ್ದು ಏನಂದ್ರೆ, ತಲೆ ತಿರುಗಿಸಿದ ಕೂಡಲೇ ಹಿಂದೆ ಮುಂದೆ ಅನ್ನೋ ಗೊಂದಲ ಬಗೆಹರಿಯುತ್ತೆ. ಗೇಮಲ್ಲಿ ಆ ಕೆಲಸ ಮೌಸಿಂದು. ಹೆಜ್ಜೆ ಕೇಳ್ತು, ಕಡೆ ಗೊತ್ತಾಗ್ಲಿಲ್ಲ, ಮೌಸ್ ಒಂಚೂರು ಅತ್ತಿತ್ತ ಆಡಿಸಿ. ದುಡ್ಡಿಲ್ಲದೆ ಆಗೋ ಕೆಲಸ ಇದು. ಹೊಸಬರು ಇದನ್ನ ಬಿಟ್ಟು ಹೆಡ್‌ಸೆಟ್ ಬದಲಾಯಿಸ್ತಾರೆ.

ಬಂತು, ಚಿಕ್ಕಮಗಳೂರು. ಎಂ.ಜಿ. ರಸ್ತೆ. ನಡೆಯೋದೆಲ್ಲ ಕಟ್ ಮಾಡಿದೀನಿ.

ಅಂಗಡಿ. ಮೊದಲು ಕೇಳಿದ್ದು, "ನಿಮ್ಮ ತಮ್ಮನಿಗಾ ಮೇಡಂ?" ನನಗೇ ಅಣ್ಣ ಅಂದೆ. ಪಾಪ ಒಳ್ಳೆಯವರು, ಆಮೇಲೆ ಎಲ್ಲ ತೆಗೆದು ತೋರ್ಸಿದ್ರು. ಇಲ್ಲಿ ನೋಡಿ, ಡಬ್ಬದ ಮೇಲೆ ದೊಡ್ಡದಾಗಿ 7.1, ಅಂದ್ರೆ ಸುತ್ತ ಏಳು ಸ್ಪೀಕರ್, ಜೊತೆಗೊಂದು ಬೇಸ್ ಸ್ಪೀಕರ್ ಇಟ್ಟ ಹಾಗೆ ಕೇಳುತ್ತೆ ಅಂತ. ಒಳಗೆ ಏಳು ಸ್ಪೀಕರ್ ಏನೂ ಇಲ್ಲ. ಇಂಥ ಹೆಚ್ಚಿನ ಹೆಡ್‌ಸೆಟ್‌ಗಳಲ್ಲಿ ಎಡಕ್ಕೊಂದು ಬಲಕ್ಕೊಂದು, ಎರಡೇ. ಮಿಕ್ಕಿದ್ದು ಸಾಫ್ಟ್‌ವೇರ್. ಅದೇ ಕೆಲಸವನ್ನ ಗೇಮ್ ತಾನೇ ಮಾಡುತ್ತೆ, ಇನ್ನೂ ಚೆನ್ನಾಗಿ ಮಾಡುತ್ತೆ, ಯಾಕಂದ್ರೆ ಎದುರಾಳಿ ಎಲ್ಲಿದಾನೆ ಅನ್ನೋದು ಗೇಮಿಗೆ ಗೊತ್ತು, ಹೆಡ್‌ಸೆಟ್ಟಿಗೆ ಗೊತ್ತಿಲ್ಲ. ಅದಕ್ಕೆ ಎಚ್‌ಆರ್‌ಟಿಎಫ್ ಅಂತಾರೆ. ತಲೆ, ಹೊರಗಿವಿ ಎಲ್ಲ ಸದ್ದನ್ನ ಹೇಗೆ ಬದಲಾಯಿಸುತ್ತೆ ಅನ್ನೋ ಲೆಕ್ಕ ಅದು. ಕೌಂಟರ್ ಸ್ಟ್ರೈಕ್ ಗೇಮಿನ ಸಿಎಸ್‌ಗೋಗೆ 2017ರಲ್ಲಿ ಬಂತು, ವ್ಯಾಲರಂಟ್‌ಗೆ 2021ರಲ್ಲಿ 2.06 ಪ್ಯಾಚ್ ಜೊತೆ ಬಂತು. ಹಾಗಾಗಿ 7.1 ಅಂತ ಬರೆದಿದ್ದಕ್ಕೆ ನಾನು ಒಂದು ರೂಪಾಯಿನೂ ಜಾಸ್ತಿ ಕೊಡಲ್ಲ, ನೀವೂ ಕೊಡ್ಬೇಡಿ.

ಇದರಲ್ಲಿ 50 ಎಂಎಂ ಡ್ರೈವರ್, ಅಂದ್ರೆ ಒಳಗಿನ ಪುಟ್ಟ ಸ್ಪೀಕರ್, ಇದೆ ಅಂತ ತೋರ್ಸಿದ್ರು. ಡ್ರೈವರ್ ದೊಡ್ಡದಾದ ಮಾತ್ರಕ್ಕೆ ದಿಕ್ಕು ಚೆನ್ನಾಗಿ ಗೊತ್ತಾಗಲ್ಲ. ಬೇಸ್ ತುಂಬ ಏರಿಸಿರೋ ಹೆಡ್‌ಸೆಟ್ ಆದ್ರೆ ಹೆಜ್ಜೆ ಸದ್ದಿಗೆ ಹಾನಿ, ಯಾಕಂದ್ರೆ ಜೋರಾದ ದಪ್ಪ ದನಿ ತನಗಿಂತ ಮೇಲಿನ ಸಣ್ಣ ದನಿಗಳನ್ನ ಮುಚ್ಚಿಹಾಕುತ್ತೆ. ಬಾಂಬ್ ಸಿಡಿದ ಹೊತ್ತಲ್ಲೇ ಒಬ್ಬ ಓಡಿ ಬಂದಿರ್ತಾನೆ, ಗೊತ್ತೇ ಆಗಲ್ಲ.

ಬ್ಲೂಟೂತ್? ಆಟಕ್ಕೆ ಬೇಡ. ಮಾಮೂಲಿ ಬ್ಲೂಟೂತಲ್ಲಿ ಸದ್ದು 200 ಮಿಲಿಸೆಕೆಂಡಿನ ಹತ್ತಿರ ತಡ ಆಗೋದು ಸಾಮಾನ್ಯ. ಅಷ್ಟರಲ್ಲಿ ರೈಫಲ್ ಹಿಡಿದು ಓಡೋನು ಒಂದು ಮೀಟರ್ ಮುಂದೆ ಬಂದಿರ್ತಾನೆ. ಯುಎಸ್‌ಬಿಗೆ ಚುಚ್ಚೋ ತನ್ನದೇ ಡಾಂಗಲ್ ಜೊತೆ ಬರೋ 2.4 ಗಿಗಾಹರ್ಟ್ಸ್ ವೈರ್‌ಲೆಸ್ ಪರವಾಗಿಲ್ಲ. ನನಗೆ ವೈರೇ ಸಾಕು.

ಈಗ ಪ್ಯಾಡ್ ವಿಷಯ. ಇದನ್ನ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇದಕ್ಕೇ ನಾನು ಚಿಕ್ಕಮಗಳೂರಿಗೆ ಬಂದಿದ್ದು. ಇದು ನನ್ನ ಹಳೇ ಹೆಡ್‌ಸೆಟ್, ಹತ್ತಿರದಿಂದ ತೋರ್ಸ್ತಿದೀನಿ. ಕೊಟ್ಟಿದ್ದು 3,800 ರೂಪಾಯಿ. ತಗೊಂಡ ವರ್ಷ ಸದ್ದು ಬಹಳ ಚೆನ್ನಾಗಿತ್ತು, ಇವತ್ತಿಗೂ ಒಳಗಡೆ ಏನೂ ಆಗಿಲ್ಲ. ಆದ್ರೆ ಈ ಕಿವಿ ಪ್ಯಾಡ್ ನೋಡಿ. ಚರ್ಮ ಅಲ್ಲ ಇದು, ರೆಕ್ಸಿನ್. ಮಲೆನಾಡಿನ ಥಂಡಿಗೆ ಈ ಪದರ ಶಿಥಿಲವಾಗಿ ಸಿಪ್ಪೆ ಏಳುತ್ತೆ. ಮೊದಲ ಮಳೆಗಾಲದಲ್ಲಿ ಬಿಳೀ ಬೂಷ್ಟು ಬಂತು, ಒರೆಸಿದೆ. ಅಮ್ಮ ನನಗೆ ಹೇಳದೆ ಅದನ್ನ ಬಚ್ಚಲೊಲೆ ಮೇಲೆ ಬಟ್ಟೆ ಜೊತೆ ಒಣಗೋಕೆ ನೇತು ಹಾಕಿದ್ರು. ಬೂಷ್ಟು ಹೋಯ್ತು, ನಿಜ ಹೇಳ್ಬೇಕಂದ್ರೆ ಅಮ್ಮನ ಉಪಾಯ ಕೆಲಸ ಮಾಡ್ತು, ಹೊಗೆ ವಾಸನೆ ಮಾತ್ರ ಉಳೀತು. ಎರಡನೇ ಮಳೆಗಾಲಕ್ಕೆ ಕರೀ ಚೂರು ಉದುರೋಕೆ ಶುರು. ಕೆನ್ನೆ ಮೇಲೆ, ಕೂದಲಲ್ಲಿ, ದಿಂಬಿನ ಮೇಲೆ, ಎಲ್ಲ ಕಡೆ. ತೊಳೆದ್ರೂ ಅಂಟಿಕೊಂಡಿರೋದು.

ಬರೀ ಅಂದದ ಪ್ರಶ್ನೆ ಆಗಿದ್ರೆ ಸುಮ್ನಿರ್ತಿದ್ದೆ. ಎಡಗಡೆ ಪ್ಯಾಡ್ ಜಾಸ್ತಿ ಕಿತ್ತಿದೆ, ನೋಡಿ. ಪ್ಯಾಡ್ ಕಿವಿ ಸುತ್ತ ಗಾಳಿಯಾಡದ ಹಾಗೆ ಕೂತ್ರೆ ಮಾತ್ರ ದಪ್ಪ ದನಿ ಸರಿಯಾಗಿ ಕೇಳೋದು. ಎಡಗಡೆ ಸೋರ್ತಿದೆ, ಬಲಗಡೆ ಸರಿ ಇದೆ. ಹಾಗಾಗಿ ನೇರ ಎದುರಿಗೆ ನಿಂತೋನು ಕೂಡ ಒಂಚೂರು ಬಲಕ್ಕೆ ನಿಂತ ಹಾಗೆ ಕೇಳುತ್ತೆ. ದಿಕ್ಕು ಗೊತ್ತಾಗ್ಲಿ ಅಂತ ತಗೊಂಡ ಹೆಡ್‌ಸೆಟ್ಟು ದಿಕ್ಕನ್ನೇ ತಪ್ಪು ಹೇಳ್ತಿದೆ!

ಅಂಗಡಿಯಲ್ಲಿ ಕೇಳಿದೆ, ಇದರ ಪ್ಯಾಡ್ ಸಿಗುತ್ತಾ ಅಣ್ಣ ಅಂತ. "ಪ್ಯಾಡ್ ಎಲ್ಲ ಬರಲ್ಲ ಮೇಡಂ, ಹೊಸದೇ ತಗೊಳ್ಳಿ." ಪಕ್ಕದ ಅಂಗಡಿಯಲ್ಲೂ ಇದೇ ಮಾತು. ಆನ್‌ಲೈನಲ್ಲಿ 450 ರೂಪಾಯಿಗೆ ಒಂದು ಜೊತೆ ಇತ್ತು, ತರಿಸಿದ್ದೂ ಆಯ್ತು. ಅದು ಗುಂಡಗಿದೆ, ನನ್ನ ಹೆಡ್‌ಸೆಟ್ ಮೊಟ್ಟೆ ಆಕಾರ. ಮಾರೋರು ಹಾಕಿದ ಫೋಟೋದಲ್ಲಿ ಮೊಟ್ಟೆ ಆಕಾರದ್ದೇ ಇತ್ತು. ವಾಪಸ್ ಕಳಿಸೋಣ ಅಂದ್ರೆ ನಮ್ಮ ಪಿನ್‌ಕೋಡಿಗೆ ವಾಪಸ್ ತಗೊಂಡು ಹೋಗೋ ಸೌಲಭ್ಯ ಇಲ್ಲವಂತೆ. ತಂದುಕೊಡೋಕೆ ಆಗುತ್ತೆ, ತಗೊಂಡು ಹೋಗೋಕೆ ಆಗಲ್ಲ! ಒಳಗಿನ ಯಂತ್ರ ಹತ್ತು ವರ್ಷ ಬಾಳೋ ಹಾಗಿದ್ದು, ಹೊರಗಿನ ಪ್ಯಾಡ್ ತುಂಡಿಗೋಸ್ಕರ ಇಡೀ ವಸ್ತು ಎಸೀಬೇಕು ಅನ್ನೋದು ನನಗೆ ಸುತರಾಂ ಒಪ್ಪಿಗೆ ಆಗಲ್ಲ. ಮಲೆನಾಡಲ್ಲಿರೋರು ಹೆಡ್‌ಫೋನ್ ತಗೊಳ್ಳೋ ಮುಂಚೆ ಮೊದಲು ಕೇಳ್ಬೇಕಾದ ಪ್ರಶ್ನೆ ಇದೇ: ಪ್ಯಾಡ್ ಬಿಚ್ಚೋಕೆ ಬರುತ್ತಾ, ಬೇರೆ ಸಿಗುತ್ತಾ, ರೆಕ್ಸಿನ್ನಾ ಬಟ್ಟೆನಾ. ಸದ್ದಿನ ಪ್ರಶ್ನೆ ಆಮೇಲೆ.

ಸರಿ, ಮುಂದೆ. ಶಾಟ್ ಮುಗೀತು, ಬೇಗ ಹೇಳ್ತೀನಿ.

ಮನೆಗೆ ಬಂದೆ. ಮೇಜಿನ ಮೇಲಿರೋದು ಸೆನ್‌ಹೈಸರ್ ಎಚ್‌ಡಿ 560ಎಸ್, ನನ್ನ ಟೀಮಿನ ಗೆಳತಿದು. ಹಾಸನದಲ್ಲಿ ಓದ್ತಿದಾಳೆ, ಪರೀಕ್ಷೆ ಮುಗಿಯೋ ತನಕ ಇಟ್ಕೋ ಅಂತ ಕೊಟ್ಟಳು. ಇದು ಓಪನ್ ಬ್ಯಾಕ್, ಹಿಂದೆ ಬರೀ ಜಾಲರಿ. ಸದ್ದು ಡಬ್ಬದೊಳಗೆ ಸಿಕ್ಕಿಕೊಂಡು ಗುಂಯ್ ಅನ್ನಲ್ಲ, ಬಯಲಲ್ಲಿ ನಿಂತ ಹಾಗೆ ಬಿಡಿಬಿಡಿಯಾಗಿ ಕೇಳುತ್ತೆ. ಪ್ಯಾಡ್ ಬಟ್ಟೆದು, ಅಂದ್ರೆ ಸಿಪ್ಪೆ ಏಳೋ ಪ್ರಶ್ನೆ ಇಲ್ಲ. ಆಟಕ್ಕೆ ಓಪನ್ ಬ್ಯಾಕೇ ಸರಿ ಅಂತ ಎಲ್ಲರೂ ಹೇಳ್ತಾರೆ. ಅವಳ ರೂಮಲ್ಲಿ ಅದು ನಿಜ, ಅಲ್ಲಿ ಆರ್‌ಸಿಸಿ ಸೂರು. ಇಲ್ಲಿ ಹಾಕ್ಕೊಂಡ್ರೆ ಜಾಲರಿಯಿಂದ ಇಡೀ ಪುಷ್ಯ ಮಳೆ ಒಳಗೆ ಬರುತ್ತೆ. ಹೆಜ್ಜೆ ಕೇಳ್ಬೇಕು ಅಂತ ವಾಲ್ಯೂಮ್ ಏರಿಸ್ಬೇಕು, ಏರಿಸಿದ್ರೆ ಗುಂಡಿನ ಸದ್ದು ಕಿವಿಗೆ ಹೊಡೆಯುತ್ತೆ. ಮೂಡಿಗೆರೆಯವರಿಗೆ ಓಪನ್ ಬ್ಯಾಕ್ ದುಡ್ಡು ದಂಡ ಅಂತ ನೇರವಾಗಿ ಹೇಳ್ತಿದೀನಿ.

...ಇದು ಮಾರನೇ ದಿನ, ಸಂಜೆ. ಮಳೆ ಹೊಳವಾಗಿದೆ. ಇದೇ ಹೆಡ್‌ಫೋನಲ್ಲಿ ವ್ಯಾಲರಂಟಿನ ಹ್ಯಾವನ್ ಮ್ಯಾಪ್ ಆಡ್ತಿದೀನಿ, ಮತ್ತೆ ನಿನ್ನೆ ಹೇಳಿದ ಮಾತು ಪೂರ್ತಿ ಉಳಿಸಿಕೊಳ್ಳೋಕೆ ಮನಸ್ಸಾಗ್ತಿಲ್ಲ. ಗ್ಯಾರೇಜಿನ ಕಡೆಯಿಂದ ಇಬ್ಬರು ಬಂದ್ರು, ಇಬ್ಬರ ಹೆಜ್ಜೆಯೂ ಬೇರೆ ಬೇರೆಯಾಗಿ ಕೇಳ್ತು. ಇಷ್ಟು ಸ್ಪಷ್ಟ ನನ್ನ ಹಳೇ ಹೆಡ್‌ಸೆಟಲ್ಲಿ ಯಾವತ್ತೂ ಕೇಳಿಲ್ಲ. ಡಿಸೆಂಬರಿಂದ ಮೇ ತನಕ ಇದಕ್ಕೆ ಸಾಟಿ ಇಲ್ಲ. ದುಡ್ಡಿದ್ದೋರು, ಸದ್ದಿಲ್ಲದ ಕೋಣೆ ಇದ್ದೋರು ತಗೊಳ್ಳಿ. ಒಂದು ನೋಡ್ಕೊಳ್ಳಿ, ಇದು 120 ಓಮ್ (ಓಮ್ ಜಾಸ್ತಿ ಆದಷ್ಟೂ ಓಡಿಸೋಕೆ ಕಷ್ಟ), ನನ್ನ ಲ್ಯಾಪ್‌ಟಾಪಿಗೆ ನೇರ ಚುಚ್ಚಿದ್ರೂ ಸಾಕಷ್ಟು ಕೇಳುತ್ತೆ. ಬೇಯರ್‌ಡೈನಾಮಿಕ್ ಡಿಟಿ 990 ಪ್ರೋದ 250 ಓಮ್ ಥರದ್ದು ತಗೊಂಡ್ರೆ ಲ್ಯಾಪ್‌ಟಾಪ್ ಜ್ಯಾಕ್ ಸಾಲದೆ ಬರಬಹುದು, ಸದ್ದಿಗೆ ಬಲ ಕೊಡೋ ಆಂಪ್ ಬೇಕು. ಆಮೇಲೆ ಎರಡಕ್ಕೂ ಮೈಕ್ ಇಲ್ಲ.

ಕ್ಲೋಸ್ಡ್ ಬ್ಯಾಕ್, ಅಂದ್ರೆ ಹಿಂದೆ ಮುಚ್ಚಿರೋದು, ಮಳೆಗೆ ಪರವಾಗಿಲ್ಲ, ರಾತ್ರಿ ಚಳಿಗೆ ಕಿವಿ ಬೆಚ್ಚಗಿರೋದೂ ಒಂದು ಲಾಭ. ಆದ್ರೆ ಸಿಗೋದರಲ್ಲಿ ಮುಕ್ಕಾಲು ಪಾಲು ರೆಕ್ಸಿನ್ ಪ್ಯಾಡೇ.

ನಾನು ಕೊನೆಗೆ ತಗೊಂಡಿದ್ದು ಇದು, ಇಷ್ಟೇ ಇಷ್ಟು ಡಬ್ಬಿ. ಕಿವಿಯೊಳಗೆ ಹಾಕೋದು, ಐಇಎಂ ಅಂತಾರೆ, ವೈರಿಂದು. 1,750 ರೂಪಾಯಿ. ಸಿಲಿಕಾನ್ ಬಡ್ಸ್ ಮೂರು ಸೈಜ್ ಬರುತ್ತೆ, ಮೂರನ್ನೂ ಹಾಕಿ ನೋಡಿ, ಎರಡು ಕಿವಿಗೆ ಒಂದೇ ಸೈಜ್ ಆಗ್ಬೇಕು ಅಂತಿಲ್ಲ. ಸರಿಯಾಗಿ ಕೂತ್ರೆ ಮಳೆ ಅರ್ಧಕ್ಕಿಂತ ಕಮ್ಮಿ ಆಗುತ್ತೆ. ರೆಕ್ಸಿನ್ ಇಲ್ಲ, ಬೂಷ್ಟು ಬಂದ್ರೆ ಬಡ್ಸ್ ಬಿಚ್ಚಿ ತೊಳೆದ್ರೆ ಆಯ್ತು. ಹೊರಗಿವಿಯ ಮಡಿಕೆಯನ್ನೇ ಬಿಟ್ಟು ಒಳಗೆ ಹೋದ್ರೆ ಮೇಲೆ ಕೆಳಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳ್ಬಹುದು. ಆ ಮಡಿಕೆಯ ಲೆಕ್ಕವನ್ನ ಎಚ್‌ಆರ್‌ಟಿಎಫ್ ಮೊದಲೇ ಸೇರಿಸಿ ಕಳಿಸಿರುತ್ತೆ, ಹಾಗಾಗಿ ಕಿವಿಯೊಳಗೆ ಹಾಕೋದರಿಂದ ನಷ್ಟ ಇಲ್ಲ. ದೊಡ್ಡ ಟೂರ್ನಮೆಂಟ್ ನೋಡಿ, ಆಟಗಾರರು ಒಳಗೆ ಇದೇ ಥರದ್ದು ಹಾಕಿ, ಹೊರಗಿನ ಗಲಾಟೆ ತಡೆಯೋಕೆ ಮೇಲೊಂದು ದೊಡ್ಡ ಹೆಡ್‌ಸೆಟ್ ಹಾಕಿರ್ತಾರೆ. ಅವರಿಗೆ ಜನರ ಕೂಗು, ನಮಗೆ ಶೀಟಿನ ಮಳೆ.

ಮೈಕ್ ಬೇರೆ, ಮೇಜಿನ ಮೇಲಿಂದು. ಮಳೆ ಅದರಲ್ಲಿ ಹೋಗುತ್ತೆ, ಟೀಮಿನವರು ಬೈತಾರೆ, ಒತ್ತಿ ಹಿಡಿದು ಮಾತಾಡೋ ಬಟನ್ ಇಟ್ಕೊಂಡಿದೀನಿ.

ಈಗ ಸ್ಕ್ರೀನ್ ನೋಡಿ. ವ್ಯಾಲರಂಟ್ ಆಡಿಯೋ ಸೆಟ್ಟಿಂಗಲ್ಲಿ ಸ್ಟೀರಿಯೋ, ಎಚ್‌ಆರ್‌ಟಿಎಫ್ ಆನ್. ವಿಂಡೋಸಲ್ಲಿ ಸ್ಪೇಷಿಯಲ್ ಸೌಂಡ್ ಅಂತ ಇರುತ್ತೆ, ಅದರಲ್ಲಿ ವಿಂಡೋಸ್ ಸೋನಿಕ್, ಡಾಲ್ಬಿ ಅಟ್ಮಾಸ್ ಯಾವುದೇ ಇದ್ರೂ ಆಫ್. ಎರಡೂ ಆನ್ ಇದ್ರೆ ಒಂದೇ ಸದ್ದಿಗೆ ಎರಡು ಸಲ ಲೆಕ್ಕ ಬಿದ್ದು ದಿಕ್ಕು ಕಲಸಿಹೋಗುತ್ತೆ. ಸಿಎಸ್‌ಗೋ ನಂತರ ಬಂದ ಸಿಎಸ್2 ಆಡೋರು ಇಕ್ಯೂ ಪ್ರೊಫೈಲನ್ನ, ಅಂದ್ರೆ ದಪ್ಪ ದನಿ ಚೂಪು ದನಿ ಹೊಂದಿಸೋ ಸೆಟ್ಟಿಂಗನ್ನ, ಕ್ರಿಸ್ಪ್ ಹಾಕಿ ನೋಡಿ, ನನಗೆ ಹೆಜ್ಜೆ ಅದರಲ್ಲೇ ಚೆನ್ನಾಗಿ ಕೇಳೋದು. ಫೋನಲ್ಲಿ ಬಿಜಿಎಂಐ ಗೇಮ್ ಆಡೋರು ದಯವಿಟ್ಟು ಬ್ಲೂಟೂತ್ ಬಿಟ್ಟು ವೈರ್ ಹಾಕಿ, ಜ್ಯಾಕ್ ಇಲ್ಲದ ಫೋನಿಗೆ ಟೈಪ್ ಸಿ ಕನ್ವರ್ಟರ್ ಸಿಗುತ್ತೆ.

ವಿಂಡೋಸ್ ಅಪ್‌ಡೇಟ್ ಆದ್ಮೇಲೆ ಆ ಸ್ಪೇಷಿಯಲ್ ಸೌಂಡ್ ಆಫ್ ಆಗೇ ಇದ್ಯಾ ಅಂತ ಒಂದ್ಸಲ ನೋಡ್ಕೊಳ್ಳಿ. ಟೀಮ್ ಕರೀತಿದೆ, ಹೋಗ್ತೀನಿ.