ಟ್ರ್ಯಾಕ್ಟರ್ ನಂಬರಿನ ರಿಯಾಯಿತಿ: ಸರ್ಕಾರಕ್ಕೆ ನಷ್ಟ ಎಲ್ಲಿ?

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯ ಹೊಸ ಟ್ರ್ಯಾಕ್ಟರಿಗೆ ಕೆಎ 17, ಚಿತ್ರದುರ್ಗದ್ದಾದರೆ ಕೆಎ 16. ಈ ನಂಬರ್ ಪಡೆಯುವಾಗ ಲಾರಿ ಮಾಲೀಕರು ಕಟ್ಟುವಂಥ ತೆರಿಗೆ ರೈತರಿಗಿಲ್ಲ. ವಾಹನ ತೆರಿಗೆ ರಾಜ್ಯದ ಪಾಲು. ಬಿಟ್ಟುಕೊಟ್ಟ ಹಣವೂ ರಾಜ್ಯದ್ದೇ. ಹಾಗಾದರೆ ಖಜಾನೆಗೆ ಖೋತಾ ಅಲ್ವಾ ಅಂತ ಕೆಲವರು ಕೇಳುತ್ತಾರೆ.

ಖೋತಾ ಹೌದು. ಆದರೆ ನಂಬರ್ ಹಾಕಿಸಿದ ದಿನಕ್ಕೇ ಲೆಕ್ಕ ಮುಗಿಯುವುದಿಲ್ಲ. ಟ್ರ್ಯಾಕ್ಟರ್ ಡೀಸೆಲ್ ಕುಡಿಯುತ್ತದೆ. 2025ರ ಏಪ್ರಿಲ್ 1ರಿಂದ ಕರ್ನಾಟಕ ಡೀಸೆಲ್ ಮೇಲೆ ಹಾಕಿದ ಮಾರಾಟ ತೆರಿಗೆ ಶೇಕಡಾ 21.17. ಲೀಟರಿಗೆ ಹೆಚ್ಚುಕಡಿಮೆ 15 ರೂಪಾಯಿ ಅಂದುಕೊಳ್ಳಿ. ಭದ್ರಾ ನಾಲೆ ಬಯಲಿನಲ್ಲಿ ಗದ್ದೆ ಹದ ಮಾಡುವ ಟ್ರ್ಯಾಕ್ಟರಿಗೆ ವರ್ಷಕ್ಕೆ 1,000 ಲೀಟರ್ ಬೇಕಾದರೆ, 15 ಸಾವಿರ ರೂಪಾಯಿ ಬಂಕಿನಿಂದಲೇ ರಾಜ್ಯಕ್ಕೆ ಹೋಯಿತು. ಅದೂ ಪ್ರತಿ ವರ್ಷ. ಹೊಲ ಉಳುವ ಡೀಸೆಲ್‌ಗೂ ಕಾರಿನ ಡೀಸೆಲ್‌ಗೂ ಬಂಕಿನಲ್ಲಿ ಒಂದೇ ರೇಟು.

ಇನ್ನು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ದರ ಶೇಕಡಾ 12ರಿಂದ 5ಕ್ಕೆ ಇಳಿಯಿತು. 8 ಲಕ್ಷದ ಇಂಜಿನ್ನಿಗೆ, ಅಂದರೆ ಟ್ರೇಲರ್ ಬಿಟ್ಟು ಬರೀ ಟ್ರ್ಯಾಕ್ಟರಿಗೆ, ಮೊದಲು 96 ಸಾವಿರ ತೆರಿಗೆ, ಈಗ 40 ಸಾವಿರ. ಅರ್ಧ ರಾಜ್ಯದ್ದು. ಅಂದರೆ ಒಂದು ಇಂಜಿನ್ನಿನಲ್ಲಿ ರಾಜ್ಯಕ್ಕೆ 28 ಸಾವಿರ ಕಡಿಮೆ. ಅಗ್ಗವಾಯಿತು ಅಂತ ಜಾಸ್ತಿ ಜನ ಕೊಂಡರೆ ಅದರಲ್ಲಿ ಒಂದಿಷ್ಟು ವಾಪಸ್ ಬರಬಹುದು.

ನನ್ನ ತಕರಾರು ಬೇರೆ ಕಡೆ ಇದೆ. ಹರಿಹರ, ಹೊನ್ನಾಳಿ ಕಡೆ ತುಂಗಭದ್ರೆಯ ಮರಳು, ಊರೂರಿನ ಭಟ್ಟಿಗಳ ಇಟ್ಟಿಗೆ, ಜಲ್ಲಿ ಹೊರುವ ಟ್ರ್ಯಾಕ್ಟರುಗಳನ್ನು ನೋಡಿ. ಕಾಗದದಲ್ಲಿ ಕೃಷಿ, ರಸ್ತೆಯಲ್ಲಿ ಬಾಡಿಗೆ. ತನ್ನ ಮೆಕ್ಕೆಜೋಳವನ್ನು ಎಪಿಎಂಸಿಗೆ ತರುವವರಿಗೆ ರಿಯಾಯಿತಿ ಸಿಗಲೇಬೇಕು. ಪಕ್ಕದ ಹೊಲವನ್ನು ಬಾಡಿಗೆಗೆ ಉತ್ತರೂ ಅದು ಬೇಸಾಯವೇ. ವರ್ಷವಿಡೀ ಇಟ್ಟಿಗೆ ಹೊರುವವರಿಗೆ ಯಾಕೆ? ಬಿತ್ತನೆ ಮುಗಿದ ಮೇಲೂ ಸಾಲದ ಕಂತು ನಿಲ್ಲುವುದಿಲ್ಲ, ಅದಕ್ಕೇ ಮರಳು ಹೊಡೆಯುತ್ತೇವೆ ಅನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದೇ ಕೆಲಸಕ್ಕೆ ಪೂರ್ತಿ ತೆರಿಗೆ ಕಟ್ಟಿದ ಟಿಪ್ಪರ್ ಮಾಲೀಕ ಏನು ಪಾಪ ಮಾಡಿದ್ದಾನೆ?

ವಿಮೆಯದ್ದು ಇನ್ನೊಂದು ಕಥೆ. ನಾಯಕನಹಟ್ಟಿ ಜಾತ್ರೆಗೆ ಟ್ರೇಲರಿನಲ್ಲಿ ಜನ ತುಂಬಿಕೊಂಡು ಹೋಗಿ ಪಲ್ಟಿಯಾದರೆ, ಕೃಷಿಗೆ ಅಂತ ಮಾಡಿಸಿದ ಪಾಲಿಸಿಯ ಮೇಲೆ ಕಂಪನಿ ತಕರಾರು ತೆಗೆಯುತ್ತದೆ. ಟ್ರೇಲರಿಗೆ ಬೇರೆ ನೋಂದಣಿ ಬೇಕು. ಇಂಜಿನ್ನಿಗೆ ನಂಬರ್ ಇದ್ದು ಟ್ರೇಲರಿಗಿಲ್ಲದಿದ್ದರಂತೂ ಕಷ್ಟ. ಆಗ ಪರಿಹಾರಕ್ಕೆ ಎಲ್ಲರೂ ಹೋಗುವುದು ಸರ್ಕಾರದ ಬಾಗಿಲಿಗೆ. ಈ ಖರ್ಚನ್ನು ಯಾರೂ ರಿಯಾಯಿತಿಯ ಲೆಕ್ಕಕ್ಕೆ ಹಾಕುವುದಿಲ್ಲ.

ಹಾಗಂತ ರಿಯಾಯಿತಿ ತೆಗೆದುಬಿಟ್ಟರೆ? ನಂಬರೇ ಇಲ್ಲದ ಗಾಡಿಗಳು ಜಾಸ್ತಿಯಾಗುತ್ತವೆ, ಅಷ್ಟೇ. ಈಗ ಬರುವ ಅಲ್ಪಸ್ವಲ್ಪವೂ ಕೈಬಿಡುತ್ತದೆ. ಭತ್ತದ ಕೊಯ್ಲಿಗೆ ತಮಿಳುನಾಡಿನ ನಂಬರಿನ ಮಷಿನ್‌ಗಳು ನಮ್ಮ ಗದ್ದೆಗೆ ಇಳಿಯುವುದನ್ನು ನೋಡಿದ್ದೀರಲ್ಲ, ಅವುಗಳ ನೋಂದಣಿ ಹಣ ಹೋಗುವುದು ಅಲ್ಲಿಗೇ. ದರ ಏರಿಸಿದರೆ ನಮ್ಮವರೂ ಗಡಿಯಾಚೆ ನೋಂದಣಿಗೆ ದಾರಿ ಹುಡುಕುತ್ತಾರೆ.

ಬಾಡಿಗೆಗೂ ಓಡಿಸುತ್ತೇನೆ ಅನ್ನುವ ರೈತರಿಗೆ ಸಣ್ಣದೊಂದು ವಾರ್ಷಿಕ ತೆರಿಗೆಯ ದಾರಿ ಮಾಡಿಕೊಡಲಿ. ಮೂರು ತಿಂಗಳಿಗೂ ಕಟ್ಟುವಂತಿರಲಿ, ಕೆಲಸವಿದ್ದಾಗ ಕಟ್ಟಲಿ. ಬಜೆಟ್ಟಿನಲ್ಲಿ ಸಬ್ಸಿಡಿಗೆ ಕೊಟ್ಟ ಹಣ ಖರ್ಚಿನ ಸಾಲಿನಲ್ಲಿ ಕಾಣುತ್ತದೆ, ಶಾಸಕರು ಜಗಳವಾಡುತ್ತಾರೆ. ಬಿಟ್ಟುಕೊಟ್ಟ ತೆರಿಗೆ ಆ ಸಾಲಿನಲ್ಲಿ ಬರುವುದಿಲ್ಲ. ಎಷ್ಟು ಟ್ರ್ಯಾಕ್ಟರಿಗೆ ಎಷ್ಟು ಬಿಟ್ಟೆವು ಅಂತ ತಾಲ್ಲೂಕುವಾರು ಪಟ್ಟಿಯೊಂದನ್ನು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಯ ಗೋಡೆಗೆ ಹಚ್ಚಲಿ. ಚಳ್ಳಕೆರೆಯದ್ದನ್ನೂ ಚನ್ನಗಿರಿಯದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ರಿಯಾಯಿತಿ ಒಣಭೂಮಿಯ ರೈತರಿಗೆ ಮುಟ್ಟುತ್ತಿದೆಯೋ ನೀರಾವರಿ ಇದ್ದವರಿಗೆ ಮಾತ್ರವೋ ತಿಳಿಯುತ್ತದೆ.